ಕಟ್ಟಡದ ಎತ್ತರ 32 ಮೀಟರ್, ಬರೆಯ ಎತ್ತರ 14: ಮಡಿಕೇರಿಯ ಒಂದು ಜಾಗದ ಪ್ರಕರಣ ಅಧ್ಯಯನ

ಮಡಿಕೇರಿ ಪಟ್ಟಣ ಮುಗಿದು ಕಾಫಿ ತೋಟ ಶುರುವಾಗುವ ಅಂಚಿನಲ್ಲಿ, ರಸ್ತೆಗೆ ತಾಗಿಕೊಂಡು 68 ಸೆಂಟ್ ಜಾಗ. ರಸ್ತೆಯುದ್ದಕ್ಕೆ 46 ಮೀಟರ್, ಒಳಕ್ಕೆ 60 ಮೀಟರ್. ಮುಂದೆ ಆರು ಮೀಟರ್ ಅಗಲದ ಸಮತಟ್ಟಾದ ಅಂಗಳ. ಒಂದು ಕಾಲದಲ್ಲಿ ಕಾಫಿ ಒಣಗಿಸುತ್ತಿದ್ದ ಕಣ ಅದು. ಅದರ ಹಿಂದೆ ಹಂಚಿನ ಹಳೆ ಮನೆ. ಮನೆಯ ಹಿಂದಿನಿಂದ ಜಾಗ ಏರುತ್ತಾ ಹೋಗುತ್ತದೆ, ಅಳೆದರೆ ಸರಾಸರಿ 25 ಡಿಗ್ರಿ. ರಸ್ತೆಯ ಆಚೆ ಬದಿ ಇಳಿಜಾರು. ಅಲ್ಲಿ ಏಳೆಂಟು ಮನೆ, ಅವುಗಳ ಕೆಳಗೆ ತೋಡು, ಅಂದರೆ ಹಳ್ಳ.

ಜಾಗ ಮೂವರು ಒಡಹುಟ್ಟಿದವರ ಹೆಸರಿನಲ್ಲಿತ್ತು. ಅಕ್ಕ ನಿವೃತ್ತ ಶಿಕ್ಷಕಿ, ಆ ಮನೆಯಲ್ಲೇ ವಾಸ. ನನಗೆ ಗಣಿತ ಕಲಿಸಿದವರು, ಹಾಗಾಗಿ ನನಗೆ ಈಗಲೂ ಟೀಚರೇ. ದೊಡ್ಡ ತಮ್ಮ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿ. ಚಿಕ್ಕವನು ತೋಟ ನೋಡಿಕೊಂಡು ಊರಲ್ಲೇ ಇದ್ದಾನೆ. ಭೂ ಪರಿವರ್ತನೆ ಮೊದಲೇ ಆಗಿತ್ತು. ಕೊಡಗಿನ ಹಳೆಯ ವಂಶಪಾರಂಪರ್ಯ ಹಿಡುವಳಿಯಾದ ಜಮ್ಮಾ ಬಾಣೆಯಾಗಿದ್ದರೆ ಈ ಕತೆ ಕಂದಾಯ ಕಚೇರಿಯ ಬಾಗಿಲಲ್ಲೇ ವರ್ಷಗಟ್ಟಲೆ ನಿಲ್ಲುತ್ತಿತ್ತು. ಇಲ್ಲಿ ಆ ತೊಡಕಿರಲಿಲ್ಲ. ಜನರ ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಲೆಕ್ಕ ಬದಲಿಸಿಲ್ಲ, ಏಕೆಂದರೆ ಈ ಪ್ರಕರಣದ ಜೀವ ಇರುವುದೇ ಲೆಕ್ಕದಲ್ಲಿ.

ಬೆಂಗಳೂರಿನ ಒಬ್ಬ ಬಿಲ್ಡರ್ ಜಂಟಿ ಅಭಿವೃದ್ಧಿಯ ಪ್ರಸ್ತಾಪ ತಂದಿದ್ದರು: ಜಾಗ ಇವರದು, ಕಟ್ಟುವುದು ಅವರು, ಮನೆಗಳಲ್ಲಿ ಇಬ್ಬರಿಗೂ ಪಾಲು. ಕೆಳಗೆ ಎರಡು ಹಂತದ ವಾಹನ ನಿಲುಗಡೆ, ಅದರ ಮೇಲೆ ಎರಡು ಮಹಡಿ ಕಚೇರಿ, ಅದರ ಮೇಲೆ ಆರು ಮಹಡಿ ಮನೆ. ಮಹಡಿಗೆ ಆರರಂತೆ 36 ಮನೆ, 1,200 ಚದರ ಮೀಟರ್ ಕಚೇರಿ, 60 ಕಾರಿಗೆ ಜಾಗ. ರಸ್ತೆಯ ಮಟ್ಟದಿಂದ ಒಟ್ಟು ಎತ್ತರ ಸುಮಾರು 32 ಮೀಟರ್. ಕೊರೊನಾ ಕಾಲದಲ್ಲಿ ಊರಿಗೆ ಬಂದು ಲ್ಯಾಪ್‌ಟಾಪ್ ಹಿಡಿದು ಕೂತ ಹುಡುಗ ಹುಡುಗಿಯರಲ್ಲಿ ಹಲವರು ಮತ್ತೆ ಬೆಂಗಳೂರಿಗೆ ಹೋಗಲು ಒಪ್ಪಿರಲಿಲ್ಲ. ಅವರಿಗೆ ಕರೆಂಟ್ ಹೋಗದ, ಇಂಟರ್ನೆಟ್ ನಿಲ್ಲದ ಒಂದು ಕೋಣೆ ಬೇಕಿತ್ತು. ಜತೆಗೆ ಲೆಕ್ಕಪರಿಶೋಧಕರು, ವಕೀಲರು, ಒಂದೆರಡು ಕ್ಲಿನಿಕ್. ಬೇಡಿಕೆ ಸುಳ್ಳಾಗಿರಲಿಲ್ಲ. ಮನೆಯೂ ಕಚೇರಿಯೂ ಒಂದೇ ಕಡೆ ಇದ್ದರೆ ಊರಿನ ಇಕ್ಕಟ್ಟಾದ ರಸ್ತೆಯ ಮೇಲೆ ಅಷ್ಟು ಕಾರು ಕಡಿಮೆಯಾಗುತ್ತದೆ ಎಂಬ ಬಿಲ್ಡರ್ ಮಾತೂ ಸರಿಯೇ.

ಟೀಚರ್ ಒಂದು ಸಂಜೆ ಫೋನ್ ಮಾಡಿದರು. "ನೀನೊಮ್ಮೆ ಬಂದು ನೋಡು ಮಾರಾಯ. ಮಹಡಿ ಎಲ್ಲ ಚಂದ ಬರೆದಿದ್ದಾರೆ. ಆದ್ರೆ ನಮ್ಮ ಮನೆ ಹಿಂದಿನ ಬರೆ ಎಲ್ಲಿ ಹೋಯ್ತು ಅಂತ ಈ ನಕ್ಷೆಯಲ್ಲಿ ನನಗೆ ಕಾಣ್ತಾ ಇಲ್ಲ."

ನಿಜವಾಗಿಯೂ ಇರಲಿಲ್ಲ. ಬಣ್ಣದ ಚಿತ್ರಗಳಲ್ಲಿ ಕಟ್ಟಡ ಹುಲ್ಲಿನ ಮೈದಾನದ ಮೇಲೆ ನಿಂತಿತ್ತು.

ಬರೆ ಎಲ್ಲಿ ಹೋಯಿತು

ಹೊರಗಿನವರಿಗಾಗಿ ಒಂದು ಮಾತು. ಗುಡ್ಡವನ್ನು ಕಡಿದಾಗ ನೆಟ್ಟಗೆ ನಿಲ್ಲುವ ಮಣ್ಣಿನ ಮುಖಕ್ಕೆ ನಾವಿಲ್ಲಿ ಬರೆ ಅನ್ನುತ್ತೇವೆ. ಮಳೆಗಾಲ ಬಂತೆಂದರೆ "ಬರೆ ಕುಸಿದು" ಎಂಬ ಎರಡು ಪದ ನಮ್ಮ ಪತ್ರಿಕೆಗಳಲ್ಲಿ ದಿನವೂ ಬರುತ್ತವೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಹೆಬ್ಬೆಟ್ಟಗೇರಿ, ಎರಡನೇ ಮೊಣ್ಣಂಗೇರಿಯಲ್ಲಿ ಗುಡ್ಡಗಳೇ ಇಳಿದವು. ಪಟ್ಟಣದೊಳಗೆ ಇಂದಿರಾನಗರ, ಚಾಮುಂಡೇಶ್ವರಿನಗರದಲ್ಲಿ ಮನೆಗಳು ಹೋದವು. ಮರುವರ್ಷ ತೋರ ಗ್ರಾಮ, ಅದರ ಮರುವರ್ಷ ತಲಕಾವೇರಿಯ ಬ್ರಹ್ಮಗಿರಿ. 2018ರ ನಂತರ ಬಂದು ನೋಡಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯದವರು ರಸ್ತೆಗೆ, ಮನೆಗೆ, ತೋಟಕ್ಕೆಂದು ಇಳಿಜಾರನ್ನು ಕಡಿದದ್ದನ್ನು ಮುಖ್ಯ ಕಾರಣಗಳಲ್ಲಿ ಒಂದಾಗಿ ಎತ್ತಿ ತೋರಿಸಿದರು. ಮಳೆ ದೊಡ್ಡದಿತ್ತು, ನಿಜ. ಆದರೆ ಮಳೆ ನಮ್ಮ ಕೈಯಲ್ಲಿಲ್ಲ, ಜೆಸಿಬಿ ನಮ್ಮ ಕೈಯಲ್ಲಿದೆ.

ಟೀಚರ ಮನೆಯ ಊಟದ ಮೇಜಿನ ಮೇಲೆ ನಾನು ಮಾಡಿದ ಮೊದಲ ಲೆಕ್ಕ ಕಾಂಕ್ರೀಟಿನದಲ್ಲ, ಕಾರಿನದು. ಓಡಾಟದ ದಾರಿ, ರ್‍ಯಾಂಪ್, ಕಂಬ ಎಲ್ಲ ಸೇರಿ ತಳಮಹಡಿಯಲ್ಲಿ ಒಂದು ಕಾರಿಗೆ 32 ಚದರ ಮೀಟರ್ ಹಿಡಿಯುವುದು ವಾಡಿಕೆ. 60 ಕಾರಿಗೆ 1,920. ಎರಡು ಹಂತಕ್ಕೆ ಹಂಚಿದರೆ ಒಂದೊಂದು 960 ಚದರ ಮೀಟರ್, ಅಂದರೆ 40 ಮೀಟರ್ ಉದ್ದ, 24 ಮೀಟರ್ ಅಗಲ. 25 ಡಿಗ್ರಿ ಏರಿನಲ್ಲಿ 24 ಮೀಟರ್ ಒಳಕ್ಕೆ ಸಮತಟ್ಟು ಮಾಡಿದರೆ ಹಿಂದೆ ನಿಲ್ಲುವ ಬರೆಯ ಎತ್ತರ ಎಷ್ಟು? ಟೀಚರೇ ಪೆನ್ಸಿಲ್ ಕಿತ್ತುಕೊಂಡು 24ನ್ನು 0.466ರಿಂದ ಗುಣಿಸಿದರು. 11.2 ಮೀಟರ್.

ಅಲ್ಲಿಗೆ ಮುಗಿಯಲಿಲ್ಲ. ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ ಪ್ರಕಾರ 15 ಮೀಟರ್ ಮುಟ್ಟಿದ ಯಾವ ಕಟ್ಟಡವೂ ಬಹುಮಹಡಿ ಕಟ್ಟಡ. ಆ ಹೆಸರು ಬಂದ ಕೂಡಲೇ ಸುತ್ತಲೂ ಆರು ಮೀಟರ್ ತೆರೆದ, ಗಟ್ಟಿ ನೆಲ ಬೇಕು. 45 ಟನ್ ತೂಕದ ಅಗ್ನಿಶಾಮಕ ವಾಹನ ಓಡಾಡುವಷ್ಟು ಗಟ್ಟಿ. ಬಯಲು ಸೀಮೆಯಲ್ಲಿ ಇದು ಹುಲ್ಲು ತೆಗೆದು ಕಲ್ಲು ಹಾಸುವ ಕೆಲಸ. ಇಲ್ಲಿ ಕಟ್ಟಡದ ಹಿಂದೆ ಇನ್ನೂ ಆರು ಮೀಟರ್ ಒಳಕ್ಕೆ ಕಡಿಯಬೇಕು. 24 ಹೋಗಿ 30 ಆಯಿತು. ಬರೆ 14 ಮೀಟರಿಗೆ ಏರಿತು. ನಾಲ್ಕಂತಸ್ತಿನ ಮನೆಯಷ್ಟು ಎತ್ತರದ ಮಣ್ಣಿನ ಗೋಡೆ, 40 ಮೀಟರ್ ಉದ್ದಕ್ಕೆ. ಬಿಲ್ಡರ್ ನಕ್ಷೆಯಲ್ಲಿ ಹಿಂದೆ ಬಿಟ್ಟದ್ದು ಮೂರೇ ಮೀಟರ್.

ಈ ಜಾಗದಲ್ಲಿ ನನಗೆ ಸ್ಪಷ್ಟವಾದದ್ದು ಇದು: ಗುಡ್ಡದ ಊರಿನಲ್ಲಿ ಎತ್ತರದ ಕಟ್ಟಡದ ಅಪಾಯ ಮೇಲಿನ ಮಹಡಿಗಳಲ್ಲಿ ಹುಟ್ಟುವುದಿಲ್ಲ. ಬಯಲಿಗಾಗಿ ಬರೆದ ಒಂದೊಂದು ಒಳ್ಳೆಯ ನಿಯಮವೂ, ಕಾರಿಗೆ ಜಾಗ ಇರಲಿ, ಬೆಂಕಿಗೆ ದಾರಿ ಇರಲಿ, ಇಲ್ಲಿ ಬರೆಯ ಎತ್ತರವಾಗಿ ಪರಿವರ್ತನೆಯಾಗುತ್ತದೆ. ಒಂದು ಮಹಡಿ ಜಾಸ್ತಿ ಅಂದರೆ ಆರು ಕಾರು ಜಾಸ್ತಿ, ಆರು ಕಾರು ಅಂದರೆ ಇನ್ನಷ್ಟು ಒಳಕ್ಕೆ ಗುಡ್ಡ.

ತಡೆಗೋಡೆ ಕಟ್ಟಿದರಾಯಿತಲ್ಲ ಎಂದರು ಬಿಲ್ಡರ್ ಕಡೆಯ ಎಂಜಿನಿಯರ್. ಕಟ್ಟಬಹುದು. ಆದರೆ 14 ಮೀಟರಿನ ಗೋಡೆಯ ಮೇಲೆ ಸಾಧಾರಣ ಒಣ ಮಣ್ಣು ಒತ್ತುವುದು ಪ್ರತಿ ಒಂದು ಮೀಟರ್ ಉದ್ದಕ್ಕೆ ಸುಮಾರು 60 ಟನ್. ಅದೂ ಮೇಲೆ ನೆಲ ಸಮತಟ್ಟಾಗಿದೆ ಎಂದು ಹಿಡಿದರೆ. ಇಲ್ಲಿ ಮೇಲೂ ಏರೇ ಇದೆ. ಗೋಡೆಯ ಹಿಂದೆ ನೀರು ಪೂರ್ತಿ ತುಂಬಿದರೆ ನೀರೊಂದೇ 98 ಟನ್ ತಳ್ಳುತ್ತದೆ, ನೆನೆದ ಮಣ್ಣಿನದು ಬೇರೆ. ಒತ್ತಡ ಎತ್ತರದ ವರ್ಗದಂತೆ ಏರುತ್ತದೆ, ಗೋಡೆಯನ್ನು ಬುಡದಿಂದ ಮಗುಚುವ ಬಲ ಘನದಂತೆ. ಎತ್ತರ ಅರ್ಧ ಮಾಡಿದರೆ ಮಗುಚುವ ಬಲ ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಈ ಒಂದು ಲೆಕ್ಕವೇ ಕೊನೆಗೆ ನಮ್ಮನ್ನು ಕಾಪಾಡಿದ್ದು.

ಮಾರ್ಚ್‌ನ ಮಣ್ಣು, ಜುಲೈನ ಮಣ್ಣು

ಮಣ್ಣು ಪರೀಕ್ಷೆ ಆಗಿದೆ ಎಂದು ವರದಿ ಕೊಟ್ಟಿದ್ದರು. ಎರಡು ಬೋರ್, ಎರಡೂ ರಸ್ತೆಯ ಪಕ್ಕದ ಅಂಗಳದಲ್ಲಿ, ಮಾರ್ಚ್ ತಿಂಗಳಲ್ಲಿ. ನೀರು ಒಂಬತ್ತು ಮೀಟರ್ ಆಳದಲ್ಲಿ. ವರದಿಯಲ್ಲಿ ತಪ್ಪೇನೂ ಇರಲಿಲ್ಲ. ಪ್ರಶ್ನೆ ಕೇಳಿದ್ದು ತಪ್ಪು ಜಾಗದಲ್ಲಿ, ತಪ್ಪು ಕಾಲದಲ್ಲಿ. ಮಡಿಕೇರಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ ಒಳಗೆ. ಮಾರ್ಚ್‌ನಲ್ಲಿ ನೋಡಿದ ಗುಡ್ಡ ಮತ್ತು ಜುಲೈನಲ್ಲಿ ನಿಲ್ಲುವ ಗುಡ್ಡ ಒಂದೇ ಅಲ್ಲ.

ನಾವು ಏರಿನ ಮೇಲೆ ಇನ್ನೂ ನಾಲ್ಕು ಬೋರ್ ತೆಗೆಸಿದೆವು. ಮಣ್ಣಿನ ಗಟ್ಟಿತನ ಅಳೆಯುವ ಎಸ್‌ಪಿಟಿ ಪರೀಕ್ಷೆ ಅಂದರೆ 63.5 ಕಿಲೋ ತೂಕದ ಸುತ್ತಿಗೆಯನ್ನು 75 ಸೆಂಟಿಮೀಟರ್ ಎತ್ತರದಿಂದ ಬೀಳಿಸಿ, ಕೊಳವೆ 30 ಸೆಂಟಿಮೀಟರ್ ಇಳಿಯಲು ಎಷ್ಟು ಏಟು ಬೇಕೆಂದು ಎಣಿಸುವುದು. ಮೇಲಿನ ಮೂರು ಮೀಟರ್ ಕೆಂಪು ಜಂಬಿಟ್ಟಿಗೆ, 15-16 ಏಟು. ಅದರ ಕೆಳಗೆ ನಾಲ್ಕರಿಂದ ಏಳು ಮೀಟರ್‌ವರೆಗೆ ಐದಾರು ಏಟಿಗೇ ಕೊಳವೆ ಇಳಿದುಹೋಯಿತು. ಹೊರಗೆ ಬಂದದ್ದು ನುಣ್ಣಗಿನ, ಬಿಳಿಚು ಹಳದಿ ಮಣ್ಣು. ಬಾವಿ ತೋಡಿ ಅಭ್ಯಾಸವಿದ್ದ ಸುಳ್ಯದ ಕಡೆಯ ಕೆಲಸಗಾರರೊಬ್ಬರು ಬೆರಳಲ್ಲಿ ಉಜ್ಜಿ ನೋಡಿ, "ಇದು ಶೇಡಿ ಸಾರ್. ನೀರು ಕುಡಿದ್ರೆ ಸಾಬೂನು" ಅಂದರು. ಗಟ್ಟಿ ಮೇಲ್ಪದರ ನೋಡಿ ಮೋಸಹೋಗುವುದು ಇಲ್ಲೇ: ಜಂಬಿಟ್ಟಿಗೆ ನೀರನ್ನು ಕೆಳಕ್ಕೆ ಬಿಟ್ಟುಕೊಡುತ್ತದೆ, ಶೇಡಿ ಅದನ್ನು ಹಿಡಿದುಕೊಂಡು ಜಾರುಮಣೆಯಾಗುತ್ತದೆ. ಹದಿನಾಲ್ಕು ಮೀಟರ್ ಇಳಿದ ಮೇಲಷ್ಟೇ ಗಟ್ಟಿ ಕಲ್ಲಿನ ಸುಳಿವು ಸಿಕ್ಕಿತು. ಅಂದರೆ ಪ್ರಸ್ತಾಪದ ಬರೆ ಈ ಶೇಡಿ ಪದರವನ್ನು ಪೂರ್ತಿ ಸೀಳಿ ಬಯಲಿಗಿಡುತ್ತಿತ್ತು.

ಬೋರ್‌ಗಳಿಗೆ ತೂತು ಕೊರೆದ ಪಿವಿಸಿ ಪೈಪ್ ಇಳಿಸಿ, ಸುತ್ತ ಜಲ್ಲಿ ತುಂಬಿ, ಒಂದು ಮಳೆಗಾಲ ಕಾಯೋಣ ಅಂದೆ. ಮನೆಯಲ್ಲಿ ಜಗಳ ಹುಟ್ಟಿದ್ದು ಇದಕ್ಕೇ. ಬಿಲ್ಡರ್ ಮುಂಗಡದ ಮಾತು ಕೊಟ್ಟಾಗಿತ್ತು. ಚಿಕ್ಕ ತಮ್ಮನಿಗೆ ಕಾಳುಮೆಣಸಿನ ಬಳ್ಳಿ ರೋಗದಲ್ಲಿ ಹೋದ ವರ್ಷ ಅದು. ದುಡ್ಡಿನ ಅಗತ್ಯ ಅವನಿಗಿದ್ದಷ್ಟು ಉಳಿದ ಇಬ್ಬರಿಗಿರಲಿಲ್ಲ. "ಅಣ್ಣ, ಎಲ್ಲ ಕಡೆ ಮಣ್ಣು ಜಾರ್ತದೆ ಅಂತ ಕೂತ್ರೆ ಮಡಿಕೇರಿ ಬೆಳೆಯೋದು ಯಾವಾಗ? ನಮ್ಮ ಮಕ್ಕಳೆಲ್ಲ ಬೆಂಗಳೂರಲ್ಲಿ ಬಾಡಿಗೆ ಕಟ್ಟಿಕೊಂಡೇ ಇರ್ಬೇಕಾ?" ಎಂದು ನನ್ನನ್ನೇ ಕೇಳಿದ. ಆ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಈಗಲೂ ತೆಗೆದುಕೊಳ್ಳುವುದಿಲ್ಲ. ಇಲ್ಲಿ ದುಡಿಮೆಗೆ ಜಾಗವಿಲ್ಲದೆ ಮನೆಗಳು ಖಾಲಿಯಾಗುತ್ತಿರುವುದನ್ನು ನೋಡುತ್ತಾ ಬೆಳೆದವನು ನಾನೂ.

ಕಾಯುವುದೆಂದು ತೀರ್ಮಾನಿಸಿದ್ದು ಟೀಚರ್. ತೋಟದವರ ಮನೆಗಳಲ್ಲಿ ಮಳೆಯ ಲೆಕ್ಕ ಇಂಚು, ಸೆಂಟಿನಲ್ಲಿ (ಇಂಚಿನ ನೂರನೇ ಒಂದು ಪಾಲು) ದಿನವೂ ಬರೆದಿಡುವ ಅಭ್ಯಾಸ ಉಂಟಲ್ಲ. ಅವರ ತಂದೆಯ ಕಾಲದ ಮಳೆಮಾಪಕ, ಅದೇ ಪುಸ್ತಕ. ಅದರ ಪಕ್ಕದಲ್ಲಿ ನಾಲ್ಕು ಗೆರೆ ಎಳೆದು, ದಿನಾ ಬೆಳಿಗ್ಗೆ ಏಳಕ್ಕೆ ಛತ್ರಿ ಹಿಡಿದು ಹತ್ತಿ, ದಾರಕ್ಕೆ ತೂಗುಗುಂಡು ಕಟ್ಟಿ ಪೈಪಿನಲ್ಲಿ ನೀರು ಎಷ್ಟು ಆಳಕ್ಕಿದೆ ಎಂದು ಅಳೆದರು. ಜೂನ್ ಮೊದಲ ವಾರ ಎಂಟು ಮೀಟರ್, ಜುಲೈ ಕೊನೆಗೆ ಎರಡು ಮೀಟರ್. ಜಂಬಿಟ್ಟಿಗೆಯೂ ನೆನೆದಿತ್ತು.

ಆ ಪುಸ್ತಕದಲ್ಲಿ ನನ್ನ ಕಣ್ಣು ನಿಂತದ್ದು ಬೇರೊಂದು ಸಂಗತಿಯ ಮೇಲೆ. ಆಗಸ್ಟ್‌ನಲ್ಲಿ ನಾಲ್ಕು ದಿನ ಮಳೆ ಬಿಟ್ಟಿತ್ತು. ಮೊದಲ ಎರಡು ದಿನ ಮೂರನೇ ಪೈಪಿನಲ್ಲಿ ನೀರು ಇಳಿಯುವ ಬದಲು ಏರಿತ್ತು. ನಮ್ಮ ಜಾಗದ ಮೇಲೆ ಬಿದ್ದ ಮಳೆಯಲ್ಲ ಅದು. ಮೇಲಿನ ಗುಡ್ಡದಿಂದ ನಿಧಾನವಾಗಿ ನಡೆದು ಬಂದ ನೀರು. ಹತ್ತಿ ನೋಡಿದರೆ ಮೇಲಿನ ಜಾಗದ ತಗಡಿನ ಮಾಡಿನ ನೀರೆಲ್ಲ ಒಂದು ಗುಂಡಿಗೆ ಬಿದ್ದು ಅಲ್ಲೇ ಇಂಗುತ್ತಿತ್ತು. ಮಳೆ ನೀರು ಇಂಗಿಸಿ ಎಂಬುದು ಕೋಲಾರಕ್ಕೆ ಒಳ್ಳೆಯ ಮಾತು. ಶೇಡಿಯ ಮೇಲೆ ಕೂತ ಇಳಿಜಾರಿನಲ್ಲಿ ಇಂಗುಗುಂಡಿ ತೋಡುವುದು ಕೆಳಗಿನವರ ಬೆನ್ನಿಗೆ ನೀರು ಕಟ್ಟಿದಂತೆ. ಮೇಲಿನವರನ್ನು ಕೂರಿಸಿ ಮಾತಾಡಿ ಆ ನೀರನ್ನು ಪೈಪಿನಲ್ಲಿ ರಸ್ತೆಯ ಚರಂಡಿಗೆ ಇಳಿಸಿದ್ದು ಈ ಇಡೀ ಪ್ರಕರಣದಲ್ಲಿ ಅತ್ಯಂತ ಅಗ್ಗದ, ಅತ್ಯಂತ ಉಪಯೋಗದ ಕೆಲಸ.

ಬಳಸಿದ ನೀರಿನ ಲೆಕ್ಕವನ್ನೂ ಆಗಲೇ ಹಾಕಿದೆವು. ಮನೆಗೆ ಐದು ಜನರಂತೆ 180 ಜನ, ತಲೆಗೆ ದಿನಕ್ಕೆ 135 ಲೀಟರ್; ಕಚೇರಿಯಲ್ಲಿ 120 ಜನ, ತಲೆಗೆ 45 ಲೀಟರ್. ಒಟ್ಟು ದಿನಕ್ಕೆ ಸುಮಾರು 29,700 ಲೀಟರ್, ಅದರಲ್ಲಿ ನೂರಕ್ಕೆ ಸುಮಾರು ಎಂಬತ್ತು ಪಾಲು, ಹತ್ತಿರ ಹತ್ತಿರ 24,000 ಲೀಟರ್, ಕೊಳಚೆಯಾಗಿ ಹೊರಬರುತ್ತದೆ. ಪ್ರಸ್ತಾಪದಲ್ಲಿ ಅದಕ್ಕಿದ್ದದ್ದು ಜಾಗದ ಮೂಲೆಯಲ್ಲಿ ಎರಡು ಸೋಕ್‌ಪಿಟ್, ಅಂದರೆ ಇಂಗುಗುಂಡಿ. ಮಳೆ ಇಲ್ಲದ ಜನವರಿಯಲ್ಲೂ ಗುಡ್ಡಕ್ಕೆ ದಿನವೂ ನಾಲ್ಕು ಟ್ಯಾಂಕರ್ ನೀರು ಕುಡಿಸುವ ಏರ್ಪಾಡು ಅದು.

ಮೇಲೆ ಮನೆ, ಕೆಳಗೆ ಕಚೇರಿ

ಇನ್ನು ಕಟ್ಟಡದ ಮೈಯೊಳಗಿನ ತೊಂದರೆ. ಕಚೇರಿಗೆ ಕಂಬವಿಲ್ಲದ ಅಗಲವಾದ ಹಾಲ್ ಬೇಕು, ಎಂಟು ಮೀಟರಿಗೊಂದು ಕಂಬ. ಮನೆಗೆ ಕೋಣೆ ಕೋಣೆಯ ಗೋಡೆ, ನಾಲ್ಕು ಮೀಟರಿಗೊಂದು ಕಂಬ ಇದ್ದರೂ ನಡೆಯುತ್ತದೆ. ಮೇಲಿನ ಕಂಬಗಳನ್ನು ಕೆಳಗೆ ಬರಲು ಬಿಡದೆ ನಡುವೆ ದೈತ್ಯ ತೊಲೆಗಳ ಮೇಲೆ ನಿಲ್ಲಿಸಬೇಕಾಗುತ್ತದೆ. ಅದರ ಕೆಳಗೆ ಗಾಜಿನ ಕಚೇರಿ, ಅದರ ಕೆಳಗೆ ಗೋಡೆಯೇ ಇಲ್ಲದ ನಿಲುಗಡೆ. ಭಾರವೆಲ್ಲ ಮೇಲೆ, ಸೊಂಟ ಸಡಿಲ. 2001ರ ಭುಜ್ ಭೂಕಂಪದಲ್ಲಿ ಕೇಂದ್ರದಿಂದ ಇನ್ನೂರು ಕಿಲೋಮೀಟರಿಗೂ ದೂರವಿದ್ದ ಅಹಮದಾಬಾದಿನಲ್ಲಿ ಕುಸಿದವುಗಳಲ್ಲಿ ಕೆಳಗೆ ಬರೀ ಕಂಬಗಳ ಮೇಲೆ ನಿಂತಿದ್ದ ಅಪಾರ್ಟ್‌ಮೆಂಟ್‌ಗಳು ಬಹಳ. ಇಳಿಜಾರಿನಲ್ಲಿ ಇನ್ನೊಂದು ಸೇರುತ್ತದೆ. ಖರ್ಚು ಉಳಿಸಲು ಗುಡ್ಡ ಕಡಿಯದೆ ಕಂಬಗಳ ಮೇಲೆ ನಿಲ್ಲಿಸೋಣ ಎಂದರೆ ಮುಂದಿನ ಕಂಬ ಒಂಬತ್ತು ಮೀಟರ್, ಹಿಂದಿನದು ಮೂರು. ಮೂರು ಮೀಟರಿನ ಕಂಬ ಒಂಬತ್ತರದಕ್ಕಿಂತ 27 ಪಟ್ಟು ಬಿಗಿ. ನೆಲ ಅಲುಗಿದಾಗ ಹೊಡೆತವನ್ನೆಲ್ಲ ಅದೇ ಎಳೆದುಕೊಂಡು ಮೊದಲು ಮುರಿಯುತ್ತದೆ.

ಹಗಲು ಕಚೇರಿಯವರು, ರಾತ್ರಿ ಮನೆಯವರು, ಒಂದೇ ಜಾಗದಲ್ಲಿ ಕಾರು ನಿಲ್ಲಿಸಬಹುದಲ್ಲ? ಮಿಶ್ರ ಬಳಕೆಯ ಕಟ್ಟಡದ ದೊಡ್ಡ ಲಾಭವೇ ಅದು. ಬಿಲ್ಡರ್ ಅದನ್ನೇ ಹೇಳಿದ್ದರು. ಆದರೆ ಅವರ ದರಪಟ್ಟಿಯಲ್ಲಿ ಒಂದೊಂದು ನಿಲುಗಡೆಗೂ ಒಂದೊಂದು ನಂಬರ್, ಒಂದೊಂದು ಬೆಲೆ. ಮಾರಿದ ಮೇಲೆ ಹಂಚಿಕೊಳ್ಳುವುದೆಲ್ಲಿ? ಖಾಲಿ ಬಿದ್ದ ಜಾಗಕ್ಕಾಗಿ ಗುಡ್ಡ ಕಡಿದಂತಾಗುತ್ತದೆ.

ಅಗ್ನಿಶಾಮಕದ ವಿಷಯ ಬೇಗ ಮುಗಿಯಿತು. ಬಹುಮಹಡಿ ಕಟ್ಟಡದ ಮುಂದಿನ ರಸ್ತೆ ಕನಿಷ್ಠ 12 ಮೀಟರ್ ಇರಬೇಕೆನ್ನುತ್ತದೆ ಸಂಹಿತೆ. ನಮ್ಮ ರಸ್ತೆ ಒಂಬತ್ತು. ಮುಂದೆ ಅಗಲ ಆಗ್ತದೆ ಎಂದರು. ಅಗಲ ಮಾಡಲು ರಸ್ತೆಯ ಒಂದು ಬದಿ ನಮ್ಮ ಬರೆ, ಇನ್ನೊಂದು ಬದಿ ಕೆಳಗಿನವರ ಮಾಡು.

ಸಹಿಯ ಮೊದಲು

ಸೆಪ್ಟೆಂಬರ್‌ನಲ್ಲಿ ಕೈಲ್‌ಪೋಳ್ದ್ ಹಬ್ಬ ಕಳೆದ ವಾರ ಎಲ್ಲರೂ ಆ ಹಳೆ ಮನೆಯಲ್ಲಿ ಕೂತೆವು. ಬಿಲ್ಡರ್ ಕೂಡ ಬಂದಿದ್ದರು. ಅವರು ಕೆಟ್ಟವರಲ್ಲ, ಬೆಂಗಳೂರಿನಲ್ಲಿ ಅವರು ಕಟ್ಟಿದ್ದನ್ನು ನೋಡಿದ್ದೇನೆ, ಕೆಲಸ ಅಚ್ಚುಕಟ್ಟು. ಲೆಕ್ಕ ನೋಡಿದರು, ಮಳೆ ಪುಸ್ತಕವನ್ನು ಎರಡು ಸಲ ತಿರುವಿದರು. 14 ಮೀಟರ್ ತಡೆಗೋಡೆಗೆ ನೆಲದಾಳಕ್ಕೆ ಇಳಿಸುವ ಆಧಾರದ ಕಂಬ (ಪೈಲ್), ಮಣ್ಣಿನೊಳಕ್ಕೆ ಕೊರೆದು ಕೂರಿಸುವ ಉಕ್ಕಿನ ಸರಳು, ನೀರು ಬಸಿಯುವ ಪೈಪು ಎಲ್ಲ ಸೇರಿಸಿದರೆ ಲಾಭ ಉಳಿಯುವುದಿಲ್ಲ ಎಂದು ನೇರವಾಗಿ ಹೇಳಿ ಹಿಂದೆ ಸರಿದರು.

ಸರಿಯುವ ಮೊದಲು ಒಪ್ಪಂದದ ಕರಡಿನಲ್ಲಿ ಒಂದು ವಿಷಯ ಎಲ್ಲರ ಕಣ್ಣು ತೆರೆಸಿತು. ದೊಡ್ಡ ತಮ್ಮ ಅಲ್ಲಿಯವರೆಗೆ, ಏನಾದರೂ ಆದರೆ ಬಿಲ್ಡರ್ ಹೊಣೆ, ನಾವು ಜಾಗ ಕೊಟ್ಟವರಷ್ಟೇ ಎಂದುಕೊಂಡಿದ್ದ. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯಲ್ಲಿ ಕಟ್ಟುವವರು ಒಬ್ಬರು, ಮಾರುವವರು ಇನ್ನೊಬ್ಬರಾದರೆ ಇಬ್ಬರೂ ಪ್ರವರ್ತಕರೇ, ಹೊಣೆ ಜಂಟಿ. ತಮ್ಮ ಪಾಲಿಗೆ ಬಂದ ಮನೆಗಳನ್ನು ಮಾರಲು ಹೊರಟ ಈ ಮೂವರೂ ಅದರೊಳಗೇ ಬರುತ್ತಿದ್ದರು. ಕಟ್ಟಡ ಒಪ್ಪಿಸಿದ ಐದು ವರ್ಷದೊಳಗೆ ರಚನೆಯ ದೋಷ ಕಂಡರೆ ಖರ್ಚಿಲ್ಲದೆ ಸರಿಪಡಿಸಿ ಕೊಡಬೇಕೆಂಬ ನಿಯಮ ಅವರ ತಲೆಯ ಮೇಲೂ ಇತ್ತು. ಐದು ಮಳೆಗಾಲ.

ಆಮೇಲೆ ಬೇರೆ ನಕ್ಷೆ ಹುಟ್ಟಿತು. ನಿಯಮ ಎರಡೇ: ಯಾವ ಬರೆಯೂ ಆರು ಮೀಟರ್ ಮೀರಬಾರದು, ಯಾವ ಕಟ್ಟಡವೂ 15 ಮೀಟರ್ ಮುಟ್ಟಬಾರದು. ಎರಡನೆಯದು ಕಾನೂನು ತಪ್ಪಿಸಿಕೊಳ್ಳಲು ಅಲ್ಲ. ಮೇಲಿನ ಮಹಡಿಗೂ ಸಾಮಾನ್ಯ ಏಣಿ ಎಟುಕಬೇಕು, ಹಿಂದಿನ ಆರು ಮೀಟರಿಗಾಗಿ ಗುಡ್ಡ ಕಡಿಯಬಾರದು ಎಂದು. ಮೆಟ್ಟಿಲು ಮಾತ್ರ ಕಚೇರಿಗೊಂದು, ಮನೆಗಳಿಗೊಂದು, ಬೇರೆ ಬೇರೆ ಇಟ್ಟೆವು.

ಅಂಗಳದ ಹಿಂದೆ 12 ಮೀಟರ್ ಮಾತ್ರ ಒಳಕ್ಕೆ ಕಡಿದರೆ ಬರೆ 5.6 ಮೀಟರ್. ಅಲ್ಲಿ ಮುಂದಿನ ಕಟ್ಟಡ: ಕೆಳಗೆ 17 ಕಾರು, ಮೇಲೆ ಒಂದು ಮಹಡಿ ಕಚೇರಿ 480 ಚದರ ಮೀಟರ್, ಅದರ ಮೇಲೆ ಎರಡು ಮಹಡಿಯಲ್ಲಿ ಎಂಟು ಮನೆ; ಎತ್ತರ 12.9 ಮೀಟರ್. ಕಂಬಗಳು ಬುಡದಿಂದ ತುದಿಯವರೆಗೆ ಒಂದೇ ನೇರ, ಕಚೇರಿಯವರು ಐದು ಮೀಟರ್ ಅಂತರಕ್ಕೆ ಒಗ್ಗಿಕೊಂಡರು. ಕಟ್ಟಡಕ್ಕೂ ತಡೆಗೋಡೆಗೂ ನಡುವೆ ಸಂದು. ಒಂದು ಇನ್ನೊಂದಕ್ಕೆ ಒರಗುವುದಿಲ್ಲ. ಅದರ ಹಿಂದೆ ಆರು ಮೀಟರ್ ಗುಡ್ಡವನ್ನು ಮುಟ್ಟದೆ ಬಿಟ್ಟು, ಮತ್ತೆ 12 ಮೀಟರ್ ಸಮತಟ್ಟು, ಮತ್ತೆ 5.6 ಮೀಟರ್ ಬರೆ. ಅಲ್ಲಿ ಎರಡೇ ಮಹಡಿಯ ಚಿಕ್ಕ ಕಟ್ಟಡ, ಆರು ಮನೆ. ಅದರ ಭಾರ ಇಳಿಜಾರಿನ ಮೇಲೆ, ಕೆಳಗಿನ ಗೋಡೆಯ ಮೇಲೆ ಬೀಳದಂತೆ ಪೈಲ್‌ಗಳು ಶೇಡಿಯನ್ನು ದಾಟಿ ಗಟ್ಟಿ ಪದರಕ್ಕೆ ಇಳಿದವು. ಎರಡು ಚಿಕ್ಕ ಬರೆ ಆದ ಮಾತ್ರಕ್ಕೆ ಇಡೀ ಗುಡ್ಡ ಒಟ್ಟಾಗಿ ಜಾರುವುದಿಲ್ಲ ಎಂದೇನಿಲ್ಲ. ಜುಲೈನ ನೀರಿನ ಮಟ್ಟ ಹಿಡಿದು ಆ ಲೆಕ್ಕವನ್ನೂ ಬೇರೆಯಾಗಿ ಮಾಡಿದೆವು. ಕಟ್ಟಡದ ನಕ್ಷೆಗಿಂತ ಹೆಚ್ಚು ದಿನ ಹಿಡಿದದ್ದು ಅದೇ. ಹಿಂದಿನ 24 ಮೀಟರ್, ಕಾಫಿ ಗಿಡ, ಸಿಲ್ವರ್ ಓಕ್, ಎರಡು ಹಲಸಿನ ಮರ ಹಾಗೆಯೇ ಉಳಿದವು.

36 ಮನೆ ಹೋಗಿ 14. ಕಾಗದದ ಲೆಕ್ಕಕ್ಕೆ 24 ಕಾರು ತೋರಿಸಬೇಕಿತ್ತು: 17 ಒಳಗೆ, ಏಳು ಹಳೆ ಕಣದಲ್ಲಿ. ಕಣದ ಏಳನ್ನು ಯಾರಿಗೂ ಬರೆದುಕೊಡಲಿಲ್ಲ; ಹಗಲು ಕಚೇರಿಗೆ, ಸಂಜೆ ಏಳರ ಮೇಲೆ ಮನೆಗೆ ಬಂದ ನೆಂಟರಿಗೆ. ಕೊಳಚೆಗೆ ಸೋಕ್‌ಪಿಟ್ ಬದಲು ಚಿಕ್ಕ ಸಂಸ್ಕರಣಾ ಘಟಕ, ಶುದ್ಧವಾದ ನೀರು ಮತ್ತೆ ಶೌಚಾಲಯಕ್ಕೆ. ಎಂಟಕ್ಕಿಂತ ಹೆಚ್ಚು ಮನೆ ಇರುವುದರಿಂದ ರೇರಾ ನೋಂದಣಿ. ಚಿಕ್ಕ ತಮ್ಮನಿಗೆ ಅಂದುಕೊಂಡಷ್ಟು ದುಡ್ಡು ಬರಲಿಲ್ಲ. ಹಿಂದಿನ 24 ಮೀಟರ್ ಬಗ್ಗೆ ಅವನು ಈಗಲೂ ವರ್ಷಕ್ಕೊಮ್ಮೆ ಕೇಳುತ್ತಾನೆ, ನಾನು ವರ್ಷಕ್ಕೊಮ್ಮೆ ಆಗಲ್ಲ ಅನ್ನುತ್ತೇನೆ.

ಕೆಸರು ನೀರು

ಮಣ್ಣಿನ ಕೆಲಸ ಡಿಸೆಂಬರ್‌ನಲ್ಲಿ ಶುರು, ಮಾರ್ಚ್ ಕೊನೆಯೊಳಗೆ ಮುಗಿಯಲೇಬೇಕು. ಆಮೇಲೆ ಕಾಫಿ ಹೂ ಅರಳಿಸುವ ಹೂಮಳೆ, ಅದರ ಹಿಂದೆಯೇ ಮುಂಗಾರು. ಮಳೆಗಾಲದಲ್ಲಿ ಮಣ್ಣು ತೆಗೆಯುವುದಕ್ಕೆ ಜಿಲ್ಲಾಡಳಿತದ ನಿರ್ಬಂಧ ಹೇಗೂ ಇರುತ್ತದೆ. ಕಾಫಿ ಕೊಯ್ಲಿನ ಕಾಲ ಬೇರೆ, ಜನ ಸಿಗುವುದು ಕಷ್ಟ. ಹಿಟಾಚಿ ತಂದು ಮೂರು ದಿನದಲ್ಲಿ ಎಲ್ಲ ಎಳೆದುಬಿಡಬಹುದಿತ್ತು. ನಾವು ನಾಲ್ಕು ನಾಲ್ಕು ಮೀಟರ್ ಅಗಲದ ತುಂಡು ಮಾಡಿ, ಒಂದು ಬಿಟ್ಟು ಒಂದು ಕಡಿದು, ಕಡಿದಲ್ಲಿ ಗೋಡೆ ಎದ್ದ ಮೇಲೆಯೇ ಪಕ್ಕದ್ದಕ್ಕೆ ಕೈ ಹಾಕಿದೆವು. ಗೋಡೆಯ ಹಿಂದೆ ಜಲ್ಲಿ, ಅದರ ಹಿಂದೆ ಸೋಸು ಬಟ್ಟೆ. ಗುಡ್ಡದೊಳಕ್ಕೆ ತುಸು ಮೇಲ್ಮುಖವಾಗಿ ಕೊರೆದ ಆರು ಉದ್ದನೆಯ ಪೈಪು, ಒಳಗಿನ ನೀರನ್ನು ಹೊರಗೆ ಕರೆತರಲು. ಆರೂ ಪೈಪಿನ ನೀರು ಒಂದು ಚರಂಡಿಗೆ, ಅದು ರಸ್ತೆಯಡಿ ಮೋರಿ ದಾಟಿ, ಕೆಳಗಿನ ಮನೆಗಳ ಪಕ್ಕದಲ್ಲಿ ಕಲ್ಲು ಕಟ್ಟಿದ ಕಾಲುವೆಯಾಗಿ ತೋಡಿಗೆ.

ಮೊದಲ ಮಳೆಗಾಲದಲ್ಲಿ ಆರರಲ್ಲೂ ನೀರು ಬಂತು. ಒಂದು ದಿನದಲ್ಲಿ 100 ಮಿಲಿಮೀಟರ್ ಸುರಿದರೆ ಆ 68 ಸೆಂಟಿನ ಮೇಲೆ ಬೀಳುವುದು 2,76,000 ಲೀಟರ್. ಅಷ್ಟಕ್ಕೂ ಕಾಲುವೆ ಸಾಕಾಯಿತು. ಜುಲೈ ಎರಡನೇ ವಾರ ಕೆಳಗಿನ ಮನೆಯ ಅಜ್ಜಿಯೊಬ್ಬರು ಟೀಚರಿಗೆ ಹೇಳಿ ಕಳಿಸಿದರು: "ಎರಡು ದಿನದಿಂದ ನಿಮ್ಮ ಕಾಲುವೆಯಲ್ಲಿ ಬರೋ ನೀರು ಕೆಂಪಲ್ಲ, ಹಾಲಿನ ಹಾಗೆ ಬರ್ತದೆ."

ಕೆಂಪು ನೀರು ಬಂದರೆ ಮೇಲ್ಮಣ್ಣು ಕೊಚ್ಚಿ ಬರುತ್ತಿದೆ ಎಂದರ್ಥ. ಹಾಲಿನಂತೆ ಬಂದರೆ ಒಳಗಿನ ಶೇಡಿಯೇ ಕರಗಿ ಬರುತ್ತಿದೆ, ಗುಡ್ಡದೊಳಗೆ ಟೊಳ್ಳು ಹುಟ್ಟುತ್ತಿದೆ. ಓಡಿದೆ. ಗುಡ್ಡದ ನೀರು ಹೊರತರುವ ಆರರಲ್ಲಿ ಮೂರನೇ ಪೈಪು. ಅದಕ್ಕೆ ಸುತ್ತಿದ್ದ ಸೋಸು ಬಟ್ಟೆ ಕೂರಿಸುವಾಗ ಹರಿದಿತ್ತು, ನಾನು ಖುದ್ದು ನಿಂತು ನೋಡದ ಒಂದೇ ಪೈಪು ಅದು. ಮಳೆಯಲ್ಲೇ ಅದನ್ನು ಎಳೆದು, ಹೊಸ ಬಟ್ಟೆ ಸುತ್ತಿ, ಮತ್ತೆ ಕೂರಿಸುವವರೆಗೆ ಹಿಂದಿನ ಕಟ್ಟಡದ ಕೆಲಸದವರನ್ನು ಕೆಳಗಿಳಿಸಿದೆವು. ಮೂರನೇ ದಿನಕ್ಕೆ ನೀರು ತಿಳಿಯಾಯಿತು. ಯಾವ ಉಪಕರಣವೂ ಹೇಳುವ ಮೊದಲು ಆ ಅಜ್ಜಿ ಹೇಳಿದ್ದರು. ಅಂದಿನಿಂದ ಅವರ ಮನೆಗೆ ನನ್ನ ನಂಬರ್ ಕೊಟ್ಟಿದ್ದೇನೆ.

ಈಗ 14 ಮನೆಯಲ್ಲೂ ಜನ ಇದ್ದಾರೆ, ಕಚೇರಿಯೂ ತುಂಬಿದೆ. ಕಣದ ಏಳು ನಿಲುಗಡೆ ವರ್ಷದಲ್ಲಿ ಹನ್ನೊಂದು ತಿಂಗಳು ಚೆನ್ನಾಗಿ ನಡೆಯುತ್ತದೆ. ಮಡಿಕೇರಿ ದಸರಾದ ರಾತ್ರಿ, ಡಿಸೆಂಬರ್ ಕೊನೆಯ ವಾರ ಜಗಳ. ಇಬ್ಬರು ತಮ್ಮ ಮನೆಯನ್ನು ಹೋಂಸ್ಟೇ ಮಾಡಲು ಹೊರಟಾಗ ಉಳಿದವರು ಒಪ್ಪಲಿಲ್ಲ. ಇದಕ್ಕಿಂತ ಬಿಗಿಯಾದ ಗಂಟು ಸಂಘದ್ದು. ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ 1972 ವಾಸದ ಮನೆಗಳಿಗೆ ಮಾತ್ರ. ಕಚೇರಿಯೂ ಸೇರಿದ ಕಟ್ಟಡ ಅದರಡಿ ಬರುವುದಿಲ್ಲ. ಅದೇ ವರ್ಷದ ಇನ್ನೊಂದು ಕಾಯ್ದೆಯಡಿ ಸಹಕಾರ ಸಂಘವನ್ನೋ ಕಂಪನಿಯನ್ನೋ ಮಾಡಿಕೊಳ್ಳಬೇಕು. ಮನೆಯವರು ಸಹಕಾರ ಸಂಘ ಅನ್ನುತ್ತಾರೆ, ಕಚೇರಿಯವರಿಗೆ ಪ್ರತಿ ಮನೆಗೊಂದು ಮತ ಅಂದರೆ ಭಯ. ಚೆಸ್ಕಾಂ ಮೀಟರ್ ಬೇರೆ ಬೇರೆ ಇರುವುದರಿಂದ ಕರೆಂಟಿನ ತಕರಾರಿಲ್ಲ. ಜನರೇಟರ್ ಖರ್ಚು ಹೇಗೋ ಹಂಚಿಕೊಂಡಿದ್ದಾರೆ.

ಹಂಚಿಕೊಳ್ಳದೆ ಉಳಿದಿರುವುದು ಗುಡ್ಡದ ಖರ್ಚು. ಪ್ರತಿ ಮೇ ತಿಂಗಳಲ್ಲಿ ಆರೂ ಪೈಪನ್ನು ತೊಳೆಸಬೇಕು, ಕಾಲುವೆಯ ಹೂಳು ತೆಗೆಸಬೇಕು, ನಾಲ್ಕು ಬೋರ್‌ಗಳ ಪೈಪಿನ ನೀರಿನ ಮಟ್ಟ ಬರೆಯಬೇಕು. ಹಿಂದಿನ ತಡೆಗೋಡೆ ತಮಗೆ ಸಂಬಂಧವಿಲ್ಲ ಎಂದು ರಸ್ತೆಬದಿಯ ಕಚೇರಿಯವರ ವಾದ. ಆ ಗೋಡೆಯಿಂದ ಏನು ಬಂದರೂ ಮೊದಲು ಬರುವುದು ನಿಮ್ಮ ಕಿಟಕಿಗೇ ಎಂದು ನಕ್ಷೆ ಬಿಡಿಸಿ ತೋರಿಸಿದ್ದೇನೆ. ಕಳೆದ ಸಭೆಯಲ್ಲಿ ಅರ್ಧ ಜನ ಒಪ್ಪಿದರು. ಟೀಚರಿಗೆ ಮಂಡಿ ನೋವು, ಮೇಲೆ ಹತ್ತಲಾಗುತ್ತಿಲ್ಲ. ಮಳೆ ಪುಸ್ತಕ ಈಗ ಹಿಂದಿನ ಕಟ್ಟಡದ ಒಂಬತ್ತನೇ ತರಗತಿಯ ಹುಡುಗಿಯ ಕೈಯಲ್ಲಿದೆ. ಮೂರನೇ ಪೈಪಿಗೆ ಈ ಮೇ ತಿಂಗಳಲ್ಲಿ ಮತ್ತೆ ಹೊಸ ಬಟ್ಟೆ ಸುತ್ತಬೇಕು. ಬಿಲ್ ಯಾರ ಹೆಸರಿಗೆ ಎಂಬುದು ಇನ್ನೂ ತೀರ್ಮಾನವಾಗಿಲ್ಲ.